ಮೊಳೆಗೆ ತೂಗಿದ ಕೈಗೋಲು

"ಇದೇನ ತಂಗಿ, ನಾಯಿ ಹೊಡ್ಯೂ ಬಡಗಿ ಏನು? ಮ್ಯಾಲಿನ ಖೋಲಿಗೆ ಯಾವ ನಾಯಿ ಹತ್ತಿ ಬರ್ತೈತಿ ಬೇ?"

ಗಿರಣಿ ಗಂಗವ್ವ ನನ್ನ ಕಡೆ ಬೆರಳು ಮಾಡಿ ಹೀಗೆ ಕೇಳಿದಳು. ಅವಳ ಮೈತುಂಬ ಜೋಳದ ಹಿಟ್ಟು, ಹುಬ್ಬಿನ ಮೇಲೂ ಹಿಟ್ಟು. ಕೆಳಗಿರುವುದು ಅವಳ ಹಿಟ್ಟಿನ ಗಿರಣಿ. ಮೇಲಿನ ಈ ಖೋಲಿಯನ್ನು ಅವಳೇ ಶಾಂಭವಿಗೆ ಬಾಡಿಗೆಗೆ ಕೊಟ್ಟಿದ್ದಾಳೆ.

"ನಾಯೀದಲ್ರೀ ಗಂಗಕ್ಕಾ. ನಮ್ಮ ಮಾಮಾಂದು. ನನಗದು ದೇವರಿದ್ದಂಗ," ಎಂದಳು ಶಾಂಭವಿ.

"ದೇವರಾದ್ರ ಊದಿನಕಡ್ಡಿ ಹಚ್ಚು. ಆ ಚಿತ್ರದಾಗ ನನ್ನ ಎಡಗೈ ಯಾವಾಗ ಬರೀತಿ, ಅದನ್ನ ಹೇಳು. ಐದು ತಿಂಗಳಾತು, ಒಂದ ಕೈ ಬರದು ಕುಂದ್ರಿಸೀದಿ. ಕನಸಿನ್ಯಾಗೂ ನಾ ಒಂದ ಕೈಲೇ ಹಿಟ್ಟು ತುಂಬಾಕತ್ತೀನಿ!"

ಗಂಗವ್ವ ನಕ್ಕಳು. ಶಾಂಭವಿಯೂ ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ನಾಯಿ ಹೊಡೆಯುವ ಬಡಿಗೆ ಎಂದದ್ದಕ್ಕೆ ಸಿಟ್ಟಲ್ಲ. ಹಾಗಾದರೂ ನನಗೊಂದು ಕೆಲಸವಿರುತ್ತಿತ್ತು. ದೇವರು ಎಂದಳಲ್ಲ, ಸಿಟ್ಟು ಬಂದದ್ದು ಅದಕ್ಕೆ.

ನಾನು ಒಂದು ಕೈಗೋಲು. ಎರಡೂವರೆ ಅಡಿ ಉದ್ದದ ಬಿದಿರು. ಒಂದು ತುದಿಗೆ ಅರಳೆ ತುಂಬಿದ ಬಟ್ಟೆಯ ಉಂಡೆ. ಬೋರ್ಡು ಬರೆಯುವ ಪೇಂಟರರು ನನ್ನಂಥವನನ್ನು ಎಡಗೈಯಲ್ಲಿ ಹಿಡಿಯುತ್ತಾರೆ. ಉಂಡೆಯ ತುದಿಯನ್ನು ಬೋರ್ಡಿಗೆ ಒತ್ತಿ, ಬಲಗೈಯ ಮಣಿಕಟ್ಟನ್ನು ನನ್ನ ಮೇಲೆ ಊರುತ್ತಾರೆ. ಆಗ ಕೈ ಅಲುಗುವುದಿಲ್ಲ, ಹಸಿ ಬಣ್ಣಕ್ಕೆ ತಾಗುವುದೂ ಇಲ್ಲ. ನನ್ನ ಹೆಸರು ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ. ಒಬ್ಬೊಬ್ಬ ಪೇಂಟರ್ ಒಂದೊಂದು ಹೆಸರಿನಿಂದ ಕರೆಯುತ್ತಾನೆ. ನನ್ನ ಯಜಮಾನರು ಕೈಗೋಲು ಎನ್ನುತ್ತಿದ್ದರು, ನಾನೂ ಹಾಗೇ ಅಂದುಕೊಂಡಿದ್ದೇನೆ.

ಬಿದಿರಾಗಿ ಎಲ್ಲಿ ಹುಟ್ಟಿದೆನೋ ನೆನಪಿಲ್ಲ. ನನಗೆ ಬುದ್ಧಿ ಬಂದದ್ದು ಬೆಟಗೇರಿಯ ಒಂದು ಕುಣಿಮಗ್ಗದಲ್ಲಿ. ಹಾಸಿನ ಎಳೆಗಳು ಒಂದಕ್ಕೊಂದು ತೊಡರದಂತೆ ನಡುವೆ ಮಲಗಿ ಮೇಲಿನದನ್ನು ಮೇಲೆ, ಕೆಳಗಿನದನ್ನು ಕೆಳಗೆ ಇಡುವುದು ಆಗ ನನ್ನ ಕೆಲಸ. ಸಾವಿರಾರು ಎಳೆಗಳು ನನ್ನ ಮೈ ಸವರಿ ಹೋಗಿ ಹೋಗಿ ನಾನು ಹೀಗೆ ನುಣುಪಾದೆ. ಮಗ್ಗದ ಒಡೆಯ ಈರಪ್ಪಜ್ಜ. ಬೆಳಗಾದರೆ ಕುಣಿಗೆ ಕಾಲು ಇಳಿಬಿಟ್ಟು ಲಾಳಿ ಹಿಡಿಯುತ್ತಿದ್ದ. ಹೆಂಡತಿಯೊಡನೆ ಜಗಳವಾಡಿದ ದಿನವೂ, ಹಲ್ಲುನೋವಿಗೆ ಲವಂಗ ಕಚ್ಚಿಕೊಂಡ ದಿನವೂ.

"ಲಾಳಿ ಹಿಡದ್ರ ಮನಸ್ಸು ತಾನ ಹಿಂದಿಂದ ಬರ್ತೈತಿ," ಎನ್ನುತ್ತಿದ್ದ ಅಜ್ಜ. "ಮನಸ್ಸಿನ ದಾರಿ ಕಾಯಕೋಂತ ಕುಂತ್ರ ಗಂಜಿ ಹಚ್ಚಿದ ಹಾಸು ಇಲಿ ತಿಂದು ಹೋಗ್ತೈತಿ."

ಅಜ್ಜ ಕಾಲವಾದ. ಮಗ್ಗ ಬಿಚ್ಚಿದರು. ಮರವೆಲ್ಲ ಒಲೆಯ ಕಡೆ ಹೊರಟಾಗ ಮಗ ಬನಶಂಕರಪ್ಪ ನನ್ನೊಬ್ಬನನ್ನು ಎಳೆದುಕೊಂಡ. ಮಗ್ಗದ ಮೇಲೆ ಕೂರದೆ ಬೋರ್ಡು ಬರೆಯಲು ಹೋದನೆಂದು ಅಪ್ಪನ ಕೈಲಿ ಬೈಸಿಕೊಂಡ ಮಗ ಅವನು. ಅವ್ವನ ಹಳೆ ಸೀರೆಯ ಚೂರಿನಲ್ಲಿ ಅರಳೆ ಕಟ್ಟಿ ನನ್ನ ತುದಿಗೆ ಬಿಗಿದ. ಅಂದಿನಿಂದ ನಾನು "ಬನು ಆರ್ಟ್ಸ್, ಬೆಟಗೇರಿ"ಯ ಆಳು. ಗದಗ-ಬೆಟಗೇರಿಯ ಎಷ್ಟು ಬೋರ್ಡುಗಳ ಕೆಳಮೂಲೆಯಲ್ಲಿ ಆ ಹೆಸರಿತ್ತು ಗೊತ್ತೇ? ಹಲ್ಲಿನ ದವಾಖಾನೆ, ಗಿರ್ಮಿಟ್ ಅಂಗಡಿ, ಬ್ಯಾಂಡ್ ಕಂಪನಿ, ಟ್ರ್ಯಾಕ್ಟರಿನ ಹಿಂದಿನ "ಅವಸರವೇ ಅಪಾಯ". ಅವಸರ ಎಂಬ ಪದ ಬರೆಯಲು ಅರ್ಧ ದಿನ ತೆಗೆದುಕೊಂಡದ್ದಕ್ಕೆ ಟ್ರ್ಯಾಕ್ಟರಿನವ ಕೂಗಾಡಿದ್ದ.

ನಾಲ್ಕು ಮಂದಿ ಬನಪ್ಪ ಪೇಂಟರ್ ಅನ್ನತೊಡಗಿದ ಮೇಲೆ ನಾನೂ ಅವರನ್ನು ಬಹುವಚನದಲ್ಲೇ ನೆನೆಯುತ್ತೇನೆ. ಅವರದೊಂದು ಪದ್ಧತಿ ಇತ್ತು. ಅಂಗಡಿಕಾರರಿಗೆ ದಿನದ ಮೊದಲ ವ್ಯಾಪಾರ ಬೋಣಿಗೆಯಲ್ಲವೇ? ಹಾಗೆ ಬನಪ್ಪನವರ ಕುಂಚಕ್ಕೂ ಒಂದು ಬೋಣಿಗೆ. ಮುಂಜಾನೆ ಕೈಕಾಲು ತೊಳೆದವರೇ ಒಂದು ಹಳೆಯ ತಗಡು ತೆಗೆದು, ನನ್ನನ್ನು ಊರಿ, ಅದರ ಮೇಲೆ ದೊಡ್ಡದಾಗಿ "ಶ್ರೀ" ಬರೆಯುತ್ತಿದ್ದರು. ಒಂದು ಕ್ಷಣ ನೋಡಿ, ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿಬಿಡುತ್ತಿದ್ದರು. ಚೆಂದ ಬಂದದ್ದನ್ನೂ ಒರೆಸಿದರು, ಸೊಟ್ಟ ಬಂದದ್ದನ್ನೂ ಒರೆಸಿದರು. ಆಮೇಲೆ ಚಹಾ. ಆಮೇಲೆ ದಿನದ ಕೆಲಸ.

"ಬೋಣಿಗಿ ಗಿರಾಕಿನ್ನ ಹೊಳ್ಳಿ ಕಳಸಬಾರದು," ಎನ್ನುತ್ತಿದ್ದರು. "ಹರಕ ಅಂಗಿ ಹಾಕ್ಕೊಂಡು ಬಂದ್ರೂ ಕರದು ಕುಂದ್ರಸಬೇಕು."

ಒಮ್ಮೆ ಊರಿಗೆಲ್ಲ ಚಿಕೂನ್‌ಗುನ್ಯಾ ಬಂದು ಅವರ ಬೆರಳುಗಳು ಬಾತಿದ್ದವು. ಆ ದಿನದ "ಶ್ರೀ" ತುಳಿದ ಜಿಲೇಬಿಯಂತಿತ್ತು. ಅವರು ಅದನ್ನು ನೋಡಿ ಕೆಮ್ಮುವಷ್ಟು ನಕ್ಕರು. "ಇವತ್ತಿನ ಗಿರಾಕಿ ಕುಂಟ. ಆದ್ರೂ ಗಿರಾಕಿ!" ಎಂದು ಒರೆಸಿ, ಕಂಬಳಿ ಹೊದ್ದು ಮಲಗಿದರು.

ಈ ಮಾತನ್ನೆಲ್ಲ ಪಕ್ಕದಲ್ಲಿ ಕೂತು ಕೇಳಿದವಳು ಅವರ ತಂಗಿಯ ಮಗಳು ಶಾಂಭವಿ. ಚಿತ್ರಕಲೆಯ ಕಾಲೇಜಿನ ಪಾಠ ಮುಗಿಸಿ ಮಾಮಾನ ಹತ್ತಿರ ಬರುತ್ತಿದ್ದಳು. ಕಣ್ಣು ಚುರುಕು, ಕೈ ಅದಕ್ಕಿಂತ ಚುರುಕು. ಅವಳ ಮಣಿಕಟ್ಟು ಮೊದಲ ಸಲ ನನ್ನ ಮೇಲೆ ಕೂತಾಗಲೇ ನನಗೆ ಗೊತ್ತಾಯಿತು, ಇದು ಬೋರ್ಡಿಗೆ ಮುಗಿಯುವ ಕೈಯಲ್ಲ ಎಂದು.

ಮುಂದೆ ಊರ ತುಂಬ ಫ್ಲೆಕ್ಸು ಬಂತು. ಬನಪ್ಪನವರು ಅದಕ್ಕೇನೂ ಹೆದರಲಿಲ್ಲ. ಗುಡಿಯ ಗೋಡೆ, ಶಾಲೆಯ ಗೋಡೆ ಅಂತ ನಡೆಸಿದರು. ಅವರನ್ನು ನಿಲ್ಲಿಸಿದ್ದು ಕೈನಡುಕ. ಚಹಾದ ಕಪ್ಪು-ಬಸಿಯಲ್ಲಿ ಶುರುವಾಗಿ ಕುಂಚಕ್ಕೆ ಬಂತು. ಒಂದು ದಿನ ಶಾಂಭವಿಯನ್ನು ಕರೆಸಿದರು. ಅವಳೆದುರು ತಗಡಿನ ಮೇಲೆ ನೀಲಿ ಬಣ್ಣದಲ್ಲಿ "ಶ್ರೀ" ಬರೆದರು. ನನ್ನ ಮೇಲಿದ್ದ ಕೈ ಮೀನಿನಂತೆ ಮಿಡುಕುತ್ತಿತ್ತು. ನಾನು ಮೈ ಬಿಗಿದು ನಿಂತೆ. ಅಕ್ಷರ ಮಾತ್ರ ನಡುಗಲಿಲ್ಲ. ಹೊಳಪಿನ ನೀಲಿ, ತುಂಬು ಹೊಟ್ಟೆ, ತಿರುಗಿಸಿ ಬಿಟ್ಟ ಬಾಲ. ಮೂವತ್ತು ವರ್ಷದಲ್ಲಿ ನಾನು ಕಂಡ ಅತಿ ಚೆಂದದ "ಶ್ರೀ" ಅದು.

ಅವರು ಒರೆಸಲಿಲ್ಲ. ತಗಡು, ಬಣ್ಣದ ಪೆಟ್ಟಿಗೆ, ನನ್ನನ್ನು ಅವಳ ಕೈಗಿಟ್ಟು ಹೇಳಿದರು: "ಒರಸೂದು ನಿನ್ನ ಪಾಲಿಂದು. ಸಂಜಿ ಒಳಗ ಒರಸು. ನಾಳಿಂದ ಬೋಣಿಗಿ ನಿಂದು." ಮಾರನೆಯ ದಿನ ಮಗಳ ಮನೆಗೆ, ಗುಳೇದಗುಡ್ಡಕ್ಕೆ, ಹೊರಟುಹೋದರು.

ಶಾಂಭವಿ ಬಸ್ಸಿನಲ್ಲಿ ಆ ತಗಡನ್ನು ಹಸಿಬಾಣಂತಿಯ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದಳು. ಯಾರ ಸೆರಗೂ ತಾಗದಂತೆ. ಸಂಜೆಯಾಯಿತು, ಒರೆಸಲಿಲ್ಲ. ಬಟ್ಟೆ ಕೈಯಲ್ಲಿ ಹಿಡಿದು ಅತ್ತಳು, ಮತ್ತೆ ಇಟ್ಟಳು. ಬೆಳಗಾಗುವಷ್ಟರಲ್ಲಿ ಬಣ್ಣ ಒಣಗಿತು. ವಾರ ಕಳೆಯುವಷ್ಟರಲ್ಲಿ ಅದಕ್ಕೆ ಗಾಜು ಬಂತು, ಕಟ್ಟು ಬಂತು. ಕಿಟಕಿಯ ಪಕ್ಕದ ಗೋಡೆಯಲ್ಲಿ ತಗಡು, ಅದರ ಬದಿಯ ಮೊಳೆಗೆ ನಾನು.

ಅಲ್ಲಿಂದ ನನ್ನ ಮೂರು ವರ್ಷದ ಸೆರೆ.

ಅವಳು ಸೋಮಾರಿ ಎಂದು ತಿಳಿಯಬೇಡಿ. ಮುಂಜಾನೆ ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸಿ ಬರುತ್ತಾಳೆ. ಊಟ ಮಾಡಿ ಖೋಲಿ ಗುಡಿಸುತ್ತಾಳೆ. ಕುಂಚಗಳನ್ನು ತೊಳೆದು, ಒಣಗಿಸಿ, ಎತ್ತರದ ಪ್ರಕಾರ ನಿಲ್ಲಿಸುತ್ತಾಳೆ. ಪೆನ್ಸಿಲುಗಳನ್ನು ಸೂಜಿಯಂತೆ ಕೆತ್ತುತ್ತಾಳೆ. ಕಲಾವಿದರು ದಿನಕ್ಕೆ ಎಷ್ಟು ಹೊತ್ತಿಗೆ ಏಳಬೇಕು, ಮನಸ್ಸನ್ನು ಹೇಗೆ ತಯಾರು ಮಾಡಬೇಕು ಎಂದು ಮೊಬೈಲಿನಲ್ಲಿ ಯಾರೋ ಹೇಳುವುದನ್ನು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಒಂದು ಸಲ ವೇಳಾಪಟ್ಟಿ ಮಾಡಿದಳು. ಮೂರು ದಿನ ಹಿಡಿಯಿತು. ಅಂಚಿಗೆ ಬಳ್ಳಿ, ಪ್ರತಿ ಗಂಟೆಗೊಂದು ಬಣ್ಣ. ಆ ವೇಳಾಪಟ್ಟಿಯಷ್ಟು ಚೆಂದದ ಚಿತ್ರವನ್ನು ಅವಳು ಆ ವರ್ಷ ಬರೆಯಲಿಲ್ಲ.

ಕ್ಯಾನ್ವಾಸಿನ ಮುಂದೆ ಕೂತರೆ ಕತೆಯೇ ಬೇರೆ. ಒಂದು ಗೆರೆ ಎಳೆದು ಗೋಡೆಯ ನೀಲಿ "ಶ್ರೀ" ಕಡೆ ತಿರುಗಿ ನೋಡುತ್ತಾಳೆ. ಮತ್ತೆ ತನ್ನ ಗೆರೆ ನೋಡುತ್ತಾಳೆ. ಅಳಿಸುತ್ತಾಳೆ. "ಮಾಮಾನ ಅಕ್ಷರದ ಮುಂದ ನಾ ಏನು ಬರೀಲಿ," ಎಂದು ಫೋನಿನಲ್ಲಿ ಗೆಳತಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಪುಣ್ಯಾತ್ಮಳೇ, ಅವರು ದಿನಾ ಒರೆಸಿದ ಸಾವಿರಾರು ಕುಂಟ "ಶ್ರೀ"ಗಳನ್ನು ನಾನು ಕಂಡಿದ್ದೇನೆ. ನೀನು ಗಾಜು ಹಾಕಿಸಿದ್ದು ಒಂದಕ್ಕೆ ಮಾತ್ರ! ಕೂಗಿ ಹೇಳೋಣವೆಂದರೆ ಬಿದಿರಿಗೆ ಬಾಯಿಲ್ಲ.

ಇನ್ನೊಂದು ನೆವ ಗಿರಣಿ. ಕೆಳಗೆ ಗಂಗವ್ವ ಗಿರಣಿ ಹಚ್ಚಿದರೆ ಮೇಲೆ ನೆಲ, ಗೋಡೆ, ಚಹಾದ ಕಪ್ಪು ಎಲ್ಲ ಗುಡುಗುಡು ನಡುಗುತ್ತವೆ. "ಹಿಂಗ ನಡಗಿದ್ರ ಗೆರೆ ಹೆಂಗ ಬರಬೇಕು?" ಎಂದು ಶಾಂಭವಿ ಕುಂಚ ಇಟ್ಟುಬಿಡುತ್ತಾಳೆ. ಗಿರಣಿ ನಿಂತ ಮೇಲೆ ಮನಸ್ಸು ನಿಲ್ಲುವುದಿಲ್ಲ. ನನಗೆ ಆಗುತ್ತಿದ್ದ ಸಂಕಟ ಯಾರಿಗೆ ಹೇಳಲಿ? ನಡುಗುವ ಕೈಗೆಂದೇ ಹುಟ್ಟಿದವನು ನಾನು, ಎರಡು ಮೊಳ ದೂರದಲ್ಲಿ ಮೊಳೆಗೆ ತೂಗಾಡುತ್ತಿದ್ದೇನೆ. ಗಿರಣಿಯ ನಡುಕಕ್ಕೆ ನಾನೂ ಗೋಡೆಗೆ ಟಕಟಕ ಬಡಿದುಕೊಳ್ಳುತ್ತಿದ್ದೆ. ಅವಳು ಎದ್ದು ಬಂದು, ಸದ್ದಾಗದಂತೆ ನನ್ನ ಹಿಂದೆ ಒಂದು ಕಾಗದದ ಮಡಿಕೆ ಸಿಕ್ಕಿಸಿದಳು!

ಆಯುಧ ಪೂಜೆಗೆ ನನಗೆ ಕುಂಕುಮ, ಚೆಂಡು ಹೂವಿನ ಸರ. ಬಾಗಿಲ ಹಿಂದಿನ ಕಸಬರಿಗೆಗೂ ಒಂದು ಹೂವು ಇಟ್ಟಿದ್ದಳು. ಮರುದಿನ ಕಸಬರಿಗೆ ಕೆಲಸಕ್ಕೆ ಹೋಯಿತು. ನಾನು ಒಣಗಿದ ಹೂವು ಹೊತ್ತು ಅಲ್ಲೇ ಉಳಿದೆ. ಕಸಬರಿಗೆಯನ್ನು ಕಂಡು ಹೊಟ್ಟೆ ಉರಿದುಕೊಂಡ ಕೈಗೋಲು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಇಷ್ಟರಲ್ಲಿ ಧಾರವಾಡದಿಂದ ಒಂದು ಅವಕಾಶ ಬಂತು. ಅಲ್ಲಿಯ ಒಂದು ಸಣ್ಣ ಕಲಾ ಮಂದಿರದವರು ಶ್ರಾವಣದಲ್ಲಿ ಅವಳದೇ ಒಂದು ಪ್ರದರ್ಶನ ಇಡುತ್ತೇವೆ, ಹನ್ನೆರಡು ಚಿತ್ರ ತನ್ನಿ ಎಂದರು. ವಿಷಯವನ್ನು ಅವಳೇ ಆರಿಸಿದಳು, ಕೆಲಸ ಮಾಡುವ ಹೆಂಗಸರ ಕೈಗಳು. ನೂಲು ಸುತ್ತುವ ಕೈ, ರೊಟ್ಟಿ ಬಡಿಯುವ ಕೈ. ನಾಲ್ಕು ಮುಗಿದವು. ಐದನೆಯದು ಗಂಗವ್ವ, ಅದೂ ಒಂದೇ ಕೈಯ ಗಂಗವ್ವ. ಅಲ್ಲಿಗೆ ನಿಂತುಹೋಯಿತು. ಶನಿವಾರದೊಳಗೆ ಖಚಿತ ತಿಳಿಸಿ, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಧಾರವಾಡದವರು ಹೇಳಿದ್ದರು. ಗಂಗವ್ವ ಮೇಲೆ ಬಂದು ನನ್ನನ್ನು ನಾಯಿ ಬಡಿಗೆ ಎಂದದ್ದು ಬುಧವಾರ. ಅವಳು ಇಳಿದು ಹೋದ ಮೇಲೆ ಶಾಂಭವಿ ಮೊಬೈಲಿನಲ್ಲಿ ಬರೆದಳು: "ಕ್ಷಮಿಸಿ, ಈ ವರ್ಷ ನನ್ನಿಂದ ಆಗುವುದಿಲ್ಲ." ಬರೆದು, ಕಳಿಸದೆ ಮಗುಚಿಟ್ಟಳು.

ಗುರುವಾರ ಬನಪ್ಪನವರು ಬಂದರು. ಕಣ್ಣಿನ ಪೊರೆ ತೆಗೆಸಲು ಗದಗಿನ ದವಾಖಾನೆಗೆ ಬಂದವರು, ರಾತ್ರಿ ಸೋದರಸೊಸೆಯ ಖೋಲಿಯಲ್ಲಿ ಉಳಿದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು, ಗೋಡೆಯ ಮೇಲೇನಿದೆ ಎಂದು ಕಾಣಲಿಲ್ಲ. ಮೂರು ವರ್ಷದ ಮೇಲೆ ಅವರ ಕೆಮ್ಮು ಕೇಳಿದೆ. ಬಟ್ಟೆಯ ತಲೆಯೊಳಗೆ ನನಗೆ ಏನೋ ಆಯಿತು.

ಶುಕ್ರವಾರ ದವಾಖಾನೆಯಲ್ಲಿ ಪಟ್ಟಿ ತೆಗೆಸಿ, ಕಪ್ಪು ಕನ್ನಡಕ ಹಾಕಿಸಿಕೊಂಡು, ಕತ್ತಲಾದ ಮೇಲೆ ಬಂದು ಮಲಗಿಬಿಟ್ಟರು. ಶನಿವಾರ ಬೆಳಿಗ್ಗೆ ಹಾಸಿಗೆಯ ಮೇಲೆ ಎದ್ದು ಕೂತು ಮೂಗು ಅರಳಿಸಿದರು.

"ಶಾಂಭೂ, ಎರಡು ಮುಂಜಾನಿ ಆತು. ಸೀಮಿಎಣ್ಣಿ ವಾಸನಿ ಬರಲೇ ಇಲ್ಲಲ್ಲ?"

ಅವರು ಕಣ್ಣು ಕಿರಿದು ಮಾಡಿ ಗೋಡೆ ಹುಡುಕಿದರು. ಹೊಸ ಕಣ್ಣಿಗೆ ಮೊದಲು ಸಿಕ್ಕಿದವನು ನಾನು, ಕುಂಕುಮ ಹಚ್ಚಿಕೊಂಡು ಮದುವೆ ಕಂಬದಂತೆ. ಆಮೇಲೆ ತಗಡು.

"ಯವ್ವಾ! ಇದೇನ ಮಾಡೀ ಬೇ? ಒರಸಂದ್ರ ಕಟ್ಟು ಹಾಕಿಸೀದಿ! ನಾ ಸತ್ತೀನೇನು?"

"ನೀವು ಕಡೀಗೆ ಬರದದ್ದು ಮಾಮಾ ಅದು. ಹೆಂಗ ಒರಸಲಿ?"

"ನಾ ಒರಸಾಕ ಬರದಿದ್ದೆ! ಈ ಕೋಲೇನು ಪಾಪ ಮಾಡಿತ್ತು, ಇದಕ್ಕ ಹೂವು ಮುಡಿಸೀದಿ?"

ಆಗ ಅವಳು ಸಿಡಿದಳು. ಇಷ್ಟು ವರ್ಷದಲ್ಲಿ ಅವಳು ಮಾಮಾನ ಮುಂದೆ ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ.

"ನಿಮಗೇನ್ರಿ ಮಾಮಾ! ಗಿರಾಕಿ ಬಂದು ಹಲ್ಲಿನ ದವಾಖಾನಿ ಅಂತ ಬರೀ ಅಂತಿದ್ದ, ಬರೀತಿದ್ರಿ. ನನಗ ಯಾರು ಹೇಳ್ತಾರ ಏನ ಬರೀಬೇಕಂತ? ಚಂದ ಆತೋ ಇಲ್ಲೋ ಅಂತ ಯಾರು ಹೇಳ್ತಾರ? ಖಾಲಿ ಕ್ಯಾನ್ವಾಸ್ ಮುಂದ ಒಬ್ಬಾಕಿನ ಕುಂದ್ರೂದು ನಿಮಗ ಗೊತ್ತಿಲ್ಲ. ನನಗ ಅಂಜಿಕಿ ಬರ್ತೈತಿ!"

"ಅದು ಖರೇನ," ಎಂದರು ಬನಪ್ಪನವರು. "ಅದು ನನಗ ಗೊತ್ತಿಲ್ಲ."

ಅವರಿಗೇ ಗೊತ್ತಿಲ್ಲವೆಂದರೆ ಇನ್ನು ಮೊಳೆಯೇ ಗತಿ.

ಅವರು ಮೂಲೆಯಲ್ಲಿದ್ದ ಒಂದು ಕೈಯ ಗಂಗವ್ವನ ಚಿತ್ರದ ಹತ್ತಿರ ಹೋಗಿ ಬಗ್ಗಿ ನೋಡಿದರು. "ಇಕಿ ಕೆಳಗಿನ ಗಿರಣಿಯಾಕಿ ಅಲ್ಲೇನು? ನಿನ್ನಿ ಮೆಟ್ಟಲದಾಗ ನಿಂದ್ರಿಸಿ ನನಗ ಚಾಡಿ ಹೇಳಿದ್ಲು. 'ನಿಮ್ಮ ಸೊಸಿ ನನ್ನ ಕೈ ಇಟಗೊಂಡಾಳ, ಕೊಡವಲ್ಲಳು' ಅಂತ. ಯಾರೂ ಕೇಳೂದಿಲ್ಲ ಅಂತಿ. ಈ ಗಿರಾಕಿ ಐದು ತಿಂಗಳಿಂದ ಬಾಗಲದಾಗ ನಿಂತಾಳಲ್ಲ?"

ಶಾಂಭವಿಗೆ ಅಳುವಿನ ನಡುವೆ ನಗು ಬಂತು. ಮೂಗು ಒರೆಸಿಕೊಂಡಳು.

"ತಗಡು ಇಳಸು," ಎಂದರು.

"ಒರಸಾಕ ನನ್ನ ಕೈಲೆ ಆಗೂದಿಲ್ಲ ಮಾಮಾ."

"ಒರಸಂತ ಯಾರು ಅಂದ್ರು? ಅದರ ಮ್ಯಾಲ ನಿಂದು ಬರೀ."

ಕಟ್ಟು ಬಿಚ್ಚಿದರು, ಗಾಜು ಸರಿಸಿದರು. ಅವರ ಹಳೆಯ ಪೆಟ್ಟಿಗೆಯಲ್ಲಿ ಕೆಂಪು ಬಣ್ಣದ ಒಂದು ಡಬ್ಬಿ ಇತ್ತು. ಮೇಲೆ ದಪ್ಪ ಕೆನೆ ಕಟ್ಟಿತ್ತು. ಚುಚ್ಚಿದರೆ ಒಳಗೆ ಬಣ್ಣ ಇನ್ನೂ ಜೀವಂತ. ಶಾಂಭವಿ ಕೆಳಗಿಳಿದು, ಗಂಗವ್ವ ಗಿರಣಿಯ ಜಿಡ್ಡು ತೊಳೆಯಲು ಇಟ್ಟಿದ್ದ ಸೀಮೆಎಣ್ಣೆಯಲ್ಲಿ ಒಂದು ಬಾಟಲಿಯ ತಳದಷ್ಟು ಇಸಿದುಕೊಂಡು ಬಂದಳು. ಕೊನೆಗೆ ನನ್ನ ಸರದಿ. ಅವಳು ಹೂವಿನ ಸರ ಹರಿದು ಎಸೆದು, ನನ್ನನ್ನು ಮೊಳೆಯಿಂದ ಬಿಡಿಸಿದಳು.

ಮೂರು ವರ್ಷದ ಮೇಲೆ ಮಣಿಕಟ್ಟಿನ ಭಾರ! ಅದು ಬೆವೆತಿತ್ತು, ಹಗುರಾಗಿ ನಡುಗುತ್ತಿತ್ತು. ನಡುಗಲಿ ಮಗಳೇ, ಊರು.

ನೀಲಿ "ಶ್ರೀ"ಯ ಮೇಲೆ ಕೆಂಪು "ಶ್ರೀ" ಬರೆದಳು. ಹೊಟ್ಟೆ ಸೊಟ್ಟ, ಬಾಲ ಗಿಡ್ಡ. ಅವಳು ತುಟಿ ಕಚ್ಚಿಕೊಂಡು ಮಾಮಾನ ಮುಖ ನೋಡಿದಳು.

"ಇವತ್ತಿನ ಗಿರಾಕಿ ಕುಂಟ," ಎಂದರು ಬನಪ್ಪನವರು.

"ಆದ್ರೂ ಗಿರಾಕಿ," ಎಂದಳು ಮೆಲ್ಲಗೆ.

"ಈಗ ಒರಸು."

ಅವಳು ಕಣ್ಣು ಮುಚ್ಚಿ ಸೀಮೆಎಣ್ಣೆಯ ಬಟ್ಟೆ ಎಳೆದಳು. ಕಣ್ಣು ತೆರೆದು ನೋಡಿದರೆ, ಬಟ್ಟೆಯೆಲ್ಲ ಕೆಂಪು. ತಗಡಿನ ಮೇಲೆ ನೀಲಿ "ಶ್ರೀ" ಇದ್ದಲ್ಲೇ ಇತ್ತು. ಒತ್ತಿ ತಿಕ್ಕಿದಳು. ಹೊಳಪು ಹೆಚ್ಚಾಯಿತೇ ಹೊರತು ಅದು ಕದಲಲಿಲ್ಲ. ಮೂರು ವರ್ಷ ಒಣಗಿದ ಬಣ್ಣ ಸೀಮೆಎಣ್ಣೆಗೆ ಎಲ್ಲಿ ಹೋಗುತ್ತದೆ? ಬಣ್ಣದ ಕೆಲಸದವರಿಗೆಲ್ಲ ಗೊತ್ತಿರುವ ಮಾತು. ಶಾಂಭವಿಗೂ ಗೊತ್ತಿತ್ತು. ಭಕ್ತಿಯಲ್ಲಿ ಮರೆತಿದ್ದಳು. ಬನಪ್ಪನವರು ಏನೂ ಅರಿಯದವರಂತೆ ಕಪ್ಪು ಕನ್ನಡಕವನ್ನು ಧೋತರದ ಚುಂಗಿನಿಂದ ಒರೆಸುತ್ತಿದ್ದರು.

ಅವಳು ಮೊಬೈಲು ತೆಗೆದು ಹಳೆಯ ಸಾಲು ಅಳಿಸಿ, ಹೊಸದೊಂದನ್ನು ಬರೆದು ಮಾಮಾನಿಗೆ ಓದಿ ಹೇಳಿದಳು: "ಶ್ರಾವಣಕ್ಕೆ ಬರುತ್ತೇನೆ. ಹನ್ನೆರಡು ಆಗಲಿಕ್ಕಿಲ್ಲ. ಆದಷ್ಟು ತರುತ್ತೇನೆ." ಅವರು ಹೂಂ ಎಂದರು. ಕಳಿಸಿದಳು. ಆಮೇಲೆ ಕೈಯಲ್ಲಿದ್ದ ನನ್ನನ್ನು ಕೆಳಗಿಡದೆ ಹಾಗೇ ಹೋಗಿ ಗಂಗವ್ವನ ಚಿತ್ರದ ಮುಂದೆ ಕೂತಳು.

ನನಗೀಗ ವಯಸ್ಸಾಗಿದೆ. ನಡುವೆ ಒಂದು ಸೀಳು, ಅದಕ್ಕೆ ದಾರ ಸುತ್ತಿದ್ದಾರೆ. ತಲೆಯ ಬಟ್ಟೆ ಸೋತು ಅರಳೆ ಇಣುಕುತ್ತದೆ. ಮಗ್ಗದಲ್ಲಿದ್ದಾಗಲೂ ಬೋರ್ಡಿನ ಮುಂದೆಯೂ ಯಾರೂ ನನಗೆ ಕೈ ಮುಗಿದಿರಲಿಲ್ಲ, ಆಗ ನಾನು ಸುಖವಾಗಿದ್ದೆ. ಕೈ ಮುಗಿಯುವವರ ಕೈ ನನ್ನ ಮೇಲೆ ಹೇಗೆ ಕೂತೀತು? ನಾಳೆ ಅವಳಿಗೆ ಮತ್ತೆ ಅಂಜಿಕೆ ಬರಬಹುದು, ಮತ್ತೆ ಪೆನ್ಸಿಲು ಕೆತ್ತುತ್ತ ಕೂರಬಹುದು. ಒಂದು ಬೋಣಿಗೆಯಿಂದ ಸಂತೆ ಮುಗಿಯುವುದಿಲ್ಲ ಎಂದು ನನಗೂ ಗೊತ್ತು.

ಅಂದು ಅವಳು ನನ್ನ ತುದಿಯನ್ನು ಕ್ಯಾನ್ವಾಸಿನ ಮರದ ಚೌಕಟ್ಟಿಗೆ ಒತ್ತಿ, ಗಂಗವ್ವನ ಎಡಗೈಯನ್ನು ಕಿರುಬೆರಳಿನಿಂದ ಬರೆಯಲು ಶುರು ಮಾಡಿದಳು. ಆಗ ಕೆಳಗಿನಿಂದ ಗಂಗವ್ವನ ಕೂಗು ಬಂತು.

"ಶಾಂಭವ್ವಾ! ಒಂದು ಚೀಲ ಜೋಳ ಬಂದೈತಿ! ಗಿರಣಿ ಹಚ್ಚಲೋ, ನಿಂದ್ರಲೋ?"

"ಹಚ್ರೀ ಗಂಗಕ್ಕಾ!"

ಗಿರಣಿ ಶುರುವಾಯಿತು. ನೆಲ ನಡುಗಿತು, ಕುಂಚಗಳು ಡಬ್ಬಿಯಲ್ಲಿ ಕಟಕಟ ಎಂದವು, ನನ್ನ ಮೊಳೆಗೆ ಸಿಕ್ಕಿ ಉಳಿದಿದ್ದ ಕಾಗದದ ಮಡಿಕೆ ಜಾರಿ ಕೆಳಗೆ ಬಿತ್ತು. ಅವಳು ಮಣಿಕಟ್ಟನ್ನು ಇನ್ನಷ್ಟು ಬಲವಾಗಿ ನನ್ನ ಮೇಲೆ ಊರಿದಳು. ಗೆರೆ ಕಿರುಬೆರಳನ್ನು ಸುತ್ತಿ, ಉಂಗುರ ಬೆರಳಿನ ಬುಡಕ್ಕೆ ಬಂದು, ಮೇಲಕ್ಕೆ ಹತ್ತತೊಡಗಿತು.